ಕರಿಯನ ಬಿಳಿ ಸಾಕ್ಸ್, ಪುಟ್ಟನ ಕರುಳು ಮತ್ತು ಒಂದು ಗ್ರಹಣ

(ಈ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.)

ಇವತ್ತಿನ ಸಂಚಿಕೆ ಶುರುವಾಗಿದ್ದು ಒಂದು ಬೀದಿನಾಯಿಯಿಂದ.

ಬನಶಂಕರಿ ಸೆಕೆಂಡ್ ಸ್ಟೇಜ್‌ನಲ್ಲಿ ನಮ್ಮಕ್ಕನ ಮನೆ. ಆ ಬೀದಿಯಲ್ಲಿ ಒಬ್ಬ ಇದ್ದಾನೆ, ಹೆಸರು ಕರಿಯ. ಮೈಯೆಲ್ಲ ಕಪ್ಪು, ಆದರೆ ನಾಲ್ಕೂ ಪಾದ ಬಿಳಿ, ಎದೆ ಮೇಲೊಂದು ಬಿಳಿ ಮಚ್ಚೆ, ಬಾಲದ ತುದಿ ಬಿಳಿ. ಹೋದ ತಿಂಗಳು ಅಕ್ಕನ ಮಗ ಪುಟ್ಟ ಅವನಿಗೆ ಬಿಸ್ಕೆಟ್ ಹಾಕ್ತಾ ಕೇಳಿದ: "ಮಾಮ, ಕರಿಯಂಗೆ ಯಾಕೆ ಬಿಳಿ ಸಾಕ್ಸ್? ಬೆನ್ನು ಯಾಕೆ ಬಿಳಿ ಇಲ್ಲ?"

ಒಳ್ಳೆ ಪ್ರಶ್ನೆ ಅದು. ನೀವೇ ನೋಡಿ, ಜಯನಗರ ಫೋರ್ತ್ ಬ್ಲಾಕ್‌ನಲ್ಲೋ ಬಿಟಿಎಂನಲ್ಲೋ ಒಂದು ರೌಂಡ್ ಹೊಡೀರಿ. ಬಿಳಿ ಮಚ್ಚೆ ಇರೋ ನಾಯಿಗಳಲ್ಲಿ ಬಹಳಷ್ಟಕ್ಕೆ ಅದು ಪಾದ, ಎದೆ, ಹೊಟ್ಟೆ, ಹಣೆ, ಬಾಲದ ತುದಿ ಇಂಥ ಕಡೆಯೇ ಇರುತ್ತೆ. ಬೆನ್ನು ಮಾತ್ರ ಬಿಳಿ, ಪಾದ ಎಲ್ಲ ಕಪ್ಪು ಅನ್ನೋ ನಾಯಿ ಸಿಗೋದು ತೀರಾ ಅಪರೂಪ.

ಪುಟ್ಟನಿಗೆ ಉತ್ತರ ಹುಡುಕ್ತಾ ಹೋದಾಗ ನನಗೆ ಗೊತ್ತಾಗಿದ್ದು ಏನಂದ್ರೆ, ಕರಿಯನ ಸಾಕ್ಸ್‌ಗೂ ಪುಟ್ಟನ ಹೊಟ್ಟೆ ಮೇಲಿರೋ ಆಪರೇಷನ್ ಗುರುತಿಗೂ ಮೂಲ ಒಂದೇ. ಎರಡೂ ಒಂದೇ ಜಾತಿಯ ಜೀವಕೋಶಗಳ ಕತೆ. ಆ ಕೋಶಗಳಿಗೆ ನ್ಯೂರಲ್ ಕ್ರೆಸ್ಟ್ ಅಂತಾರೆ. ಇವತ್ತು ಅದೇ ವಿಷಯ. ನಮ್ಮಕ್ಕನ ಒಪ್ಪಿಗೆ ತಗೊಂಡೇ ಮಾತಾಡ್ತಾ ಇದ್ದೀನಿ.

ಮೊದಲು ಮನೆ ಕತೆ. ಪುಟ್ಟ ಹುಟ್ಟಿದ್ದು 2020ರ ಫೆಬ್ರವರಿ ಎರಡನೇ ವಾರ. ದಿನ ತುಂಬಿ ಹುಟ್ಟಿದ ಮಗು, ತೂಕ ಚೆನ್ನಾಗಿತ್ತು, ಎಲ್ಲರಿಗೂ ಖುಷಿ. ಆದರೆ ಒಂದು ದಿನ ಆಯ್ತು, ಎರಡು ದಿನ ಆಯ್ತು, ಮಗು ಕಕ್ಕ ಮಾಡಲಿಲ್ಲ. ಹೊಟ್ಟೆ ಉಬ್ಬಿಕೊಳ್ತಾ ಬಂತು. ಅಜ್ಜಿ "ವಾಯು ಇರ್ಬೇಕು, ಒಂಚೂರು ಬಜೆ ತೇದು ನಾಲಿಗೆಗೆ ಹಚ್ಚಿ" ಅಂದ್ರು. ಮೂರನೇ ದಿನ ಹಸಿರು ವಾಂತಿ ಆಯ್ತು. ಆಮೇಲೆ ಓಡಾಟವೋ ಓಡಾಟ. ಎಕ್ಸ್‌ರೇ, ಕರುಳಿನ ತುದಿಯಿಂದ ಚೂರು ತೆಗೆದು ಬಯಾಪ್ಸಿ. ಕೊನೆಗೆ ಒಂದು ಹೆಸರು ಬಂತು: ಹಿರ್ಷ್‌ಸ್ಪ್ರಂಗ್ ಕಾಯಿಲೆ. ಕರುಳಿನ ಕೊನೆಯ ಭಾಗದಲ್ಲಿ ನರಕೋಶಗಳೇ ಇಲ್ಲ. ನರ ಇಲ್ಲದ ಕಡೆ ಕರುಳು ಸಡಿಲ ಆಗಲ್ಲ, ಬಿಗಿದುಕೊಂಡೇ ಇರುತ್ತೆ. ಅದಕ್ಕೇ ಮಲ ಮುಂದಕ್ಕೆ ಹೋಗಲ್ಲ. ಹೊಟ್ಟೆಯ ಪಕ್ಕದಲ್ಲಿ ತಾತ್ಕಾಲಿಕ ದಾರಿ ಮಾಡಿದ್ರು, ಮನೆಗೆ ಬಂದ ಕೆಲವೇ ದಿನಕ್ಕೆ ಲಾಕ್‌ಡೌನ್. ಆ ದಿನಗಳನ್ನ ಅಕ್ಕ ಹೇಗೆ ಕಳೆದಳು ಅಂತ ಹೇಳೋಕೆ ಹೋದರೆ ಈ ಸಂಚಿಕೆ ಸಾಲಲ್ಲ. ಮುಂದೆ ಒಂದು ದೊಡ್ಡ ಆಪರೇಷನ್ ಆಯ್ತು, ನರ ಇಲ್ಲದ ತುಂಡನ್ನ ತೆಗೆದು ಒಳ್ಳೆ ಕರುಳನ್ನ ಕೆಳಗೆ ಎಳೆದು ಜೋಡಿಸಿದ್ರು. ಈಗ ಅವನು ಶಾಲೆಗೆ ಹೋಗ್ತಾನೆ, ದೋಸೆ ಮೂರು ತಿಂತಾನೆ.

ಆದರೆ ಅಕ್ಕನ ತಲೆಯಲ್ಲಿ ಒಂದು ಮುಳ್ಳು ಉಳಿದುಬಿಟ್ಟಿತ್ತು. 2019ರ ಡಿಸೆಂಬರ್ 26ರ ಬೆಳಿಗ್ಗೆ ಸೂರ್ಯಗ್ರಹಣ ನೆನಪಿದೆಯಾ? ಕಾಸರಗೋಡಿನ ಚೆರುವತ್ತೂರು ಕಡೆ ಪೂರ್ತಿ ಬಳೆ ಥರ ಕಾಣಿಸಿತ್ತು, ನಮ್ಮ ಬೆಂಗಳೂರಲ್ಲಿ ಪಾರ್ಶ್ವ ಗ್ರಹಣ. ಅವತ್ತು ಅಕ್ಕ ಉಪ್ಪಿಟ್ಟಿಗೆ ಈರುಳ್ಳಿ, ಬೀನ್ಸ್ ಹೆಚ್ಚಿದ್ದಳು. ಬಸುರಿ ಗ್ರಹಣದ ಹೊತ್ತಲ್ಲಿ ಚಾಕು ಹಿಡೀಬಾರದು ಅಂತ ನಮ್ಮಲ್ಲಿ ಹೇಳ್ತಾರಲ್ಲ. ಮಗು ವಿಷಯ ಗೊತ್ತಾದ ಮೇಲೆ ಯಾರೋ ನೆಂಟರು ಅದನ್ನ ನೆನಪು ಮಾಡಿದ್ರು. ಒಂದೇ ಮಾತು, ಅಷ್ಟೇ. ಅದಾಗಿ ಇಷ್ಟು ವರ್ಷ ಆದ ಮೇಲೂ ಮೊನ್ನೆ ಅಕ್ಕ ಕೇಳಿದಳು, "ನಿಜ ಹೇಳೋ, ನನ್ನಿಂದ ಏನಾದ್ರೂ ಆಯ್ತಾ?"

ಅವಳು ಈಗ ಕೇಳೋಕೆ ಕಾರಣ ಇದೆ. ಅದನ್ನ ಕೊನೆಗೆ ಹೇಳ್ತೀನಿ.

ಸರಿ, ಈ ನ್ಯೂರಲ್ ಕ್ರೆಸ್ಟ್ ಅಂದ್ರೆ ಏನು? ಕರ್ಜಿಕಾಯಿ ಮಾಡೋದು ನೋಡಿದ್ದೀರಾ? ಲಟ್ಟಿಸಿದ ಹಾಳೆಯನ್ನ ಮಡಚಿ ಎರಡು ಅಂಚನ್ನೂ ಸೇರಿಸಿ ಒತ್ತುತ್ತಾರೆ. ಭ್ರೂಣದ ಬೆನ್ನಲ್ಲೂ ಹೀಗೇ ಆಗೋದು. ಮನುಷ್ಯರಲ್ಲಿ ಸುಮಾರು ನಾಲ್ಕನೇ ವಾರದಲ್ಲಿ ಚಪ್ಪಟೆ ಹಾಳೆಯೊಂದು ಮಡಚಿಕೊಂಡು ಕೊಳವೆ ಆಗುತ್ತೆ. ಆ ಕೊಳವೆಯೇ ಮುಂದೆ ಮೆದುಳು, ಬೆನ್ನುಹುರಿ. ಅಂಚು ಅಂಚು ಸೇರೋ ಜಾಗ ಇದೆಯಲ್ಲ, ಕರ್ಜಿಕಾಯಿಯ ಒತ್ತಿದ ಅಂಚು, ಅಲ್ಲಿರೋ ಕೋಶಗಳೇ ನ್ಯೂರಲ್ ಕ್ರೆಸ್ಟ್. ಕ್ರೆಸ್ಟ್ ಅಂದ್ರೆ ಜುಟ್ಟು, ಕೋಳಿ ಜುಟ್ಟು ಅಂತೀವಲ್ಲ ಹಾಗೆ. ಕೋಳಿಮರಿಯ ಭ್ರೂಣದಲ್ಲಿ ಇದನ್ನ ಮೊದಲು ಗುರುತಿಸಿದವರು ವಿಲ್ಹೆಲ್ಮ್ ಹಿಸ್, 1868ರಲ್ಲಿ.

ಈ ಕೋಶಗಳ ವಿಶೇಷ ಏನಂದ್ರೆ ಹುಟ್ಟಿದ ಜಾಗದಲ್ಲಿ ನಿಲ್ಲಲ್ಲ. ಊರು ಬಿಟ್ಟು ಹೊರಡ್ತವೆ. ಕೆಲವು ಮುಖಕ್ಕೆ ಹೋಗಿ ದವಡೆ, ಕೆನ್ನೆ ಮೂಳೆ ಆಗ್ತವೆ. ಕೆಲವು ಚರ್ಮಕ್ಕೆ ಬಂದು ಬಣ್ಣ ಕೊಡೋ ಕೋಶ ಆಗ್ತವೆ. ಕೆಲವು ಹೃದಯಕ್ಕೆ ಹೋಗಿ, ಹೃದಯದಿಂದ ಹೊರಡೋ ದೊಡ್ಡ ರಕ್ತನಾಳವನ್ನ ಎರಡು ಭಾಗ ಮಾಡೋಕೆ ನೆರವಾಗ್ತವೆ. ಕೆಲವು ಕರುಳಿನ ನರ ಆಗ್ತವೆ. ಈಗ ನೀವು ಈಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇದ್ದೀರಲ್ಲ, ನನ್ನ ದನಿಯನ್ನ ಒಳಗಿವಿಗೆ ದಾಟಿಸ್ತಾ ಇರೋ ಮೂರು ಪುಟಾಣಿ ಮೂಳೆಗಳಿವೆ. ಅವೂ ಬಹುಪಾಲು ಇವುಗಳಿಂದಲೇ ಆದದ್ದು.

ಯಾರು ಎಲ್ಲಿಗೆ ಹೋಗಬೇಕು, ಯಾವಾಗ ಹೊರಡಬೇಕು, ಹೋಗಿ ಏನಾಗಬೇಕು? ಇದನ್ನ ನಡೆಸೋದು ಜೀನ್‌ಗಳು. ಒಂದು ಜೀನ್ ಅಲ್ಲ, ಒಂದು ಇನ್ನೊಂದರ ಸ್ವಿಚ್ ಒತ್ತೋ ಸಾಲು.

ಮೊದಲು ಅಕ್ಕಪಕ್ಕದ ಅಂಗಾಂಶಗಳಿಂದ ಡಬ್ಲ್ಯುಎನ್‌ಟಿ, ಬಿಎಂಪಿ, ಎಫ್‌ಜಿಎಫ್ ಅನ್ನೋ ರಾಸಾಯನಿಕ ಸಂದೇಶ ಬರ್ತವೆ. ಮೂರೂ ಸರಿಯಾದ ಪ್ರಮಾಣದಲ್ಲಿ ಸೇರೋದು ಆ ಅಂಚಿನಲ್ಲಿ. ಅಲ್ಲಿ ಪ್ಯಾಕ್ಸ್3, ಎಂಎಸ್‌ಎಕ್ಸ್1, ಜಿಕ್1 ಅನ್ನೋ ಜೀನ್‌ಗಳು ಆನ್ ಆಗ್ತವೆ, "ಇದು ಅಂಚು" ಅಂತ ಗುರುತು ಹಾಕ್ತವೆ. ಅವು ಮುಂದಿನ ಗುಂಪನ್ನ ಎಬ್ಬಿಸ್ತವೆ: ಫಾಕ್ಸ್‌ಡಿ3, ಸಾಕ್ಸ್9, ಸಾಕ್ಸ್10. (ಹೌದು, ಹೆಸರು ಸಾಕ್ಸ್ ಅಂತಲೇ. ಪುಟ್ಟನಿಗೆ ಹೇಳಿದಾಗ ಬಿದ್ದು ಬಿದ್ದು ನಕ್ಕ.) ಈಗ ಕೋಶಕ್ಕೆ "ನಾನು ಕ್ರೆಸ್ಟ್" ಅಂತ ಗೊತ್ತಾಯ್ತು. ಆಮೇಲೆ ಪಕ್ಕದವರ ಕೈ ಬಿಡಿಸಿಕೊಂಡು ಹೊರಡಬೇಕು. ಕೋಶಗಳನ್ನ ಒಂದಕ್ಕೊಂದು ಅಂಟಿಸಿರೋ ಪ್ರೋಟೀನ್‌ಗಳು ಬದಲಾಗ್ತವೆ, ಹಿಡಿತ ಸಡಿಲ ಆಗುತ್ತೆ.

ಇಲ್ಲೊಂದು ಸ್ವಾರಸ್ಯ ಇದೆ. ಕೋಳಿ ಭ್ರೂಣದಲ್ಲಿ ಈ ಬಿಡಿಸಿಕೊಳ್ಳೋ ಕೆಲಸಕ್ಕೆ ಸ್ನೇಲ್ ಗುಂಪಿನ ಜೀನ್‌ಗಳು ಬೇಕೇ ಬೇಕು ಅಂತ ಕಂಡುಬಂದಿತ್ತು. ಸಸ್ತನಿಗಳಲ್ಲೂ ಹಾಗೇ ಇರಬಹುದು ಅಂದುಕೊಂಡಿದ್ರು. 2006ರಲ್ಲಿ ಇಲಿ ಭ್ರೂಣದಲ್ಲಿ ಸ್ನೇಲ್ ಜೀನ್ ಎರಡನ್ನೂ ತೆಗೆದು ನೋಡಿದ್ರೆ, ಕೋಶಗಳು ತಮ್ಮ ಪಾಡಿಗೆ ಹೊರಟವು! ಸಸ್ತನಿಗಳಲ್ಲಿ ಜೆಬ್2 ಅನ್ನೋ ಇನ್ನೊಂದು ಜೀನ್ ಹೆಚ್ಚು ಮುಖ್ಯ. ಮನುಷ್ಯರಲ್ಲಿ ಜೆಬ್2 ಕೆಟ್ಟರೆ ಬೇರೆ ತೊಂದರೆಗಳ ಜೊತೆಗೆ ಎಷ್ಟೋ ಮಕ್ಕಳಿಗೆ ಪುಟ್ಟನ ಕಾಯಿಲೆಯೂ ಬರುತ್ತೆ. ಕೋಳಿ, ಮೀನು ನೋಡಿ ಕಲಿತದ್ದನ್ನೆಲ್ಲ ನಮಗೆ ಹಾಗೇ ಅಂಟಿಸೋಕೆ ಆಗಲ್ಲ ಅನ್ನೋದಕ್ಕೆ ಇದು ಉದಾಹರಣೆ.

ಈಗ ಕರಿಯ. ಬಣ್ಣದ ಕೋಶ ಆಗೋ ಕ್ರೆಸ್ಟ್‌ಗಳು ಬೆನ್ನಿನಿಂದ ಹೊರಟು ಎರಡೂ ಬದಿಗೆ ಚರ್ಮದಡಿ ಹರಡ್ತವೆ. ಹೊರಟ ಜಾಗದಿಂದ ಪಾದ, ಎದೆಯ ನಡುವೆ, ಬಾಲದ ತುದಿ ಎಲ್ಲ ದೂರ. ಕೋಶಗಳು ಸಾಲದೇ ಹೋದ್ರೆ ಮೊದಲು ಖಾಲಿ ಉಳಿಯೋದು ಈ ದೂರದ ಬಡಾವಣೆಗಳೇ. ಬಣ್ಣ ತಲುಪದ ಕಡೆ ಬಿಳಿ. ಕೋಶಗಳು ನಿಧಾನ ನಡೆಯೋದರಿಂದ ಹೀಗೆ ಅಂತ ಬಹಳ ಕಾಲ ನಂಬಿದ್ರು. ಆದರೆ ಇಲಿಗಳ ಮೇಲೆ 2016ರಲ್ಲಿ ಬಂದ ಒಂದು ಅಧ್ಯಯನ ಬೇರೆ ಮಾತು ಹೇಳಿತು: ನಡಿಗೆ ನಿಧಾನ ಅಲ್ಲ, ದಾರಿಯಲ್ಲಿ ಸಾಕಷ್ಟು ಸಂಖ್ಯೆಯಲ್ಲಿ ಹೆಚ್ಚಿಕೊಳ್ಳಲ್ಲ, ಅದೇ ಕಾರಣ. ನಾಯಿಗಳಲ್ಲಿ ಬಿಳಿ ಮಚ್ಚೆಗೆ ಸಂಬಂಧಪಟ್ಟ ಜೀನ್‌ಗಳಲ್ಲಿ ಎಂಐಟಿಎಫ್ ಒಂದು, 2007ರಿಂದ ಗೊತ್ತು. ಸಾಕ್ಸ್10 ಸ್ವಿಚ್ ಒತ್ತೋದು ಇದೇ ಎಂಐಟಿಎಫ್‌ಗೆ.

ಸಾಕುಪ್ರಾಣಿಗಳಿಗೇ ಯಾಕೆ ಇಷ್ಟೊಂದು ಬಿಳಿ ಮಚ್ಚೆ, ಜೋಲು ಕಿವಿ, ಗಿಡ್ಡ ಮೂತಿ ಅನ್ನೋದಕ್ಕೂ 2014ರಲ್ಲಿ ಮೂವರು ವಿಜ್ಞಾನಿಗಳು ಇದೇ ಕ್ರೆಸ್ಟ್ ಕಡೆ ಬೆರಳು ತೋರಿಸಿದ್ರು. ಹೆದರಿಕೆಯ ಅಡ್ರಿನಲಿನ್ ಸುರಿಸೋ ಕೋಶಗಳೂ ಕ್ರೆಸ್ಟ್‌ನಿಂದಲೇ ಬರೋದು. ಸೌಮ್ಯ ಪ್ರಾಣಿಗಳನ್ನೇ ಆರಿಸ್ತಾ ಹೋದ ಮನುಷ್ಯ, ಗೊತ್ತಿಲ್ಲದೇ ಕ್ರೆಸ್ಟ್ ಸ್ವಲ್ಪ ಕಡಿಮೆ ಇರೋ ಪ್ರಾಣಿಗಳನ್ನ ಆರಿಸಿದ ಅನ್ನೋದು ಅವರ ವಾದ. ಕೇಳೋಕೆ ಚೆಂದ ಇದೆ, ಆದರೆ ಒಪ್ಪದವರೂ ಬಹಳ ಜನ ಇದ್ದಾರೆ. ನಾನು ಬೇಲಿ ಮೇಲೆ ಕೂತಿದ್ದೀನಿ.

ಕರುಳಿಗೆ ಬರೋಣ. ಇದನ್ನ ಅರ್ಥ ಮಾಡಿಸೋಕೆ ನನಗೆ ನಮ್ಮ ಮೆಟ್ರೋ ಹಸಿರು ಮಾರ್ಗಕ್ಕಿಂತ ಒಳ್ಳೆ ಹೋಲಿಕೆ ಸಿಗಲಿಲ್ಲ. ಮಾದಾವರದಲ್ಲಿ ಹತ್ತಿ ರೇಷ್ಮೆ ಸಂಸ್ಥೆವರೆಗೆ ಹೋಗೋ ಲೈನ್. ಕರುಳಿನ ನರ ಆಗಬೇಕಾದ ಕೋಶಗಳಲ್ಲಿ ಹೆಚ್ಚಿನವು ಕುತ್ತಿಗೆ ಮಟ್ಟದಿಂದ ಹೊರಟು, ನಾಲ್ಕನೇ ವಾರದಲ್ಲಿ ಕರುಳಿನ ಮೇಲ್ತುದಿ ಸೇರಿ ಕೆಳಗೆ ಪ್ರಯಾಣ ಮಾಡ್ತವೆ. ಒಂದೊಂದು ಸ್ಟೇಷನ್‌ನಲ್ಲೂ ಒಂದಷ್ಟು ಸಿಬ್ಬಂದಿಯನ್ನ ಇಳಿಸ್ತಾ, ಉಳಿದವರು ಸಂಖ್ಯೆ ಹೆಚ್ಚಿಸಿಕೊಳ್ತಾ ಮುಂದೆ ಹೋಗಬೇಕು. ಕಷ್ಟ ಏನಂದ್ರೆ, ಇವರು ಪ್ರಯಾಣ ಮಾಡ್ತಿರೋವಾಗಲೇ ಕರುಳೂ ಉದ್ದ ಬೆಳೀತಾ ಇರುತ್ತೆ. ನಮ್ಮ ಮೆಟ್ರೋ ಥರಾನೇ, ಓಡಾಟ ನಡೀತಿರೋವಾಗಲೇ ವಿಸ್ತರಣೆ ಕಾಮಗಾರಿ. ಏಳನೇ ವಾರದ ಹೊತ್ತಿಗೆ ಕೊನೆಯ ಸ್ಟೇಷನ್ ಮುಟ್ಟಬೇಕು. ಬನಶಂಕರಿಯಲ್ಲೇ ಜನ ಮುಗಿದುಹೋದ್ರೆ? ಜೆಪಿ ನಗರ, ಯಲಚೇನಹಳ್ಳಿಯಿಂದ ಆಚೆಗೆ ಕಟ್ಟಡ ಇದೆ, ಹಳಿ ಇದೆ, ನಡೆಸೋರು ಯಾರೂ ಇಲ್ಲ. ಅದೇ ಹಿರ್ಷ್‌ಸ್ಪ್ರಂಗ್.

ಇವರನ್ನ ಮುಂದೆ ಕರೆಯೋದು ಯಾರು? ಕರುಳಿನ ಗೋಡೆ ಜಿಡಿಎನ್‌ಎಫ್ ಅನ್ನೋ ಪ್ರೋಟೀನ್ ಬಿಡುತ್ತೆ, ಬಿಸಿ ಒಗ್ಗರಣೆ ವಾಸನೆ ಥರ. ಕೋಶದ ಮೈಮೇಲೆ ಅದನ್ನ ಹಿಡಿಯೋ ಮೂಗು ಅಂದ್ರೆ ರೆಟ್. ರೆಟ್ ಕೆಲಸ ಮಾಡಿದ್ರೆ ಕೋಶ ಬದುಕುತ್ತೆ, ಹೆಚ್ಚುತ್ತೆ, ಮುಂದೆ ಹೋಗುತ್ತೆ. 1994ರಲ್ಲಿ ರೆಟ್ ಜೀನ್ ಪೂರ್ತಿ ತೆಗೆದ ಇಲಿಮರಿಗಳನ್ನ ನೋಡಿದ್ರು: ಕರುಳಲ್ಲಿ ನರಕೋಶ ಇಲ್ಲ, ಮೂತ್ರಪಿಂಡವೂ ಬೆಳೆದಿಲ್ಲ, ಹುಟ್ಟಿದ ಸ್ವಲ್ಪ ಹೊತ್ತಿಗೇ ಸತ್ತವು. ಇಲಿಗೆ ರೆಟ್ ಜೀನ್‌ನ ಒಂದು ಪ್ರತಿ ಚೆನ್ನಾಗಿದ್ರೆ ಸಾಕು. ಮನುಷ್ಯರಿಗೆ ಕೆಲವೊಮ್ಮೆ ಒಂದು ಸಾಲಲ್ಲ.

ಇನ್ನೊಂದು ಜೋಡಿ ಇದೆ: ಎಂಡೋಥೀಲಿನ್-3 ಅನ್ನೋ ಸಂದೇಶ, ಅದನ್ನ ಕೇಳಿಸಿಕೊಳ್ಳೋ ಇಡಿಎನ್‌ಆರ್‌ಬಿ. ಇವುಗಳ ಕೆಲಸ "ಈಗಲೇ ನೆಲೆ ನಿಲ್ಲಬೇಡಿ, ಇನ್ನೂ ದಾರಿ ಇದೆ" ಅಂತ ಹೇಳ್ತಾ ಇರೋದು. ಆ ಮಾತು ಕೇಳಿಸದೇ ಹೋದ್ರೆ ಕೋಶಗಳು ಜಯನಗರ ಚೆನ್ನಾಗಿದೆ ಅಂತ ಅಲ್ಲೇ ಇಳಿದು ಮನೆ ಮಾಡಿಬಿಡ್ತವೆ. ಬೇಗ ನರಕೋಶ ಆಗಿಬಿಟ್ಟರೆ ಮತ್ತೆ ಪ್ರಯಾಣ ಇಲ್ಲ.

ಇಡಿಎನ್‌ಆರ್‌ಬಿ ಬಣ್ಣದ ಕೋಶಗಳಿಗೂ ಬೇಕು. ಅದಕ್ಕೇ ನೋಡಿ, 1981ರಲ್ಲಿ ಮುಂಬಯಿಯ ಡಾ. ಕೆ.ಎನ್. ಶಾ ಮತ್ತು ಜೊತೆಯವರು ಐದು ಕುಟುಂಬಗಳ 12 ಶಿಶುಗಳ ಬಗ್ಗೆ ಬರೆದ್ರು: ಮುಂದಲೆಯಲ್ಲಿ ಬಿಳಿ ಕೂದಲು, ಕಣ್ಣಿನ ಬಣ್ಣದಲ್ಲಿ ವ್ಯತ್ಯಾಸ, ಜೊತೆಗೆ ಕರುಳಿನ ಉದ್ದದ ಭಾಗದಲ್ಲಿ ನರ ಇಲ್ಲ. ಬಿಳಿ ಕೂದಲಿಗೂ ಕರುಳಿಗೂ ಏನು ಸಂಬಂಧ? ಈಗ ನಿಮಗೆ ಗೊತ್ತು. ಇವತ್ತು ವೈದ್ಯಪುಸ್ತಕಗಳಲ್ಲಿ ಇದರ ಹೆಸರು ವಾರ್ಡನ್‌ಬರ್ಗ್-ಶಾ ಸಿಂಡ್ರೋಮ್. 1994ರಲ್ಲಿ ಇಡಿಎನ್‌ಆರ್‌ಬಿಗೂ ಹಿರ್ಷ್‌ಸ್ಪ್ರಂಗ್‌ಗೂ ಇರೋ ನಂಟು ಗೊತ್ತಾಯ್ತು. ಅದನ್ನ ಕಂಡುಹಿಡಿದ ತಂಡದ ಮುಖ್ಯಸ್ಥರು ಕೋಲ್ಕತ್ತಾ ಮೂಲದ ಅರವಿಂದ ಚಕ್ರವರ್ತಿ. 1998ರಲ್ಲಿ ಸಾಕ್ಸ್10 ಹೆಸರೂ ಪಟ್ಟಿಗೆ ಸೇರಿತು. ಒಳಗಿವಿಯಲ್ಲೂ ಈ ಬಣ್ಣದ ಕೋಶಗಳು ಇರ್ತವೆ, ಅವಿಲ್ಲದಿದ್ರೆ ಕಿವಿ ಕೇಳಲ್ಲ. ಹಾಗಾಗಿ ಮಗುವಿಗೆ ಹುಟ್ಟಿನಿಂದ ಮುಂದಲೆ ಬಿಳಿ ಕೂದಲೋ, ಎದ್ದು ಕಾಣೋ ನೀಲಿ ಕಣ್ಣೋ ಇದ್ರೆ "ಅದೃಷ್ಟದ ಗುರುತು" ಅಂತ ಬಿಡದೇ ಕಿವಿ ಪರೀಕ್ಷೆ ಮಾಡಿಸಿ. ಇಂಥ ಕಾಯಿಲೆಗಳಲ್ಲಿ ಕೆಲವು, ತಂದೆ ತಾಯಿ ಇಬ್ಬರಿಂದಲೂ ಒಂದೊಂದು ಕೆಟ್ಟ ಪ್ರತಿ ಬಂದಾಗ ಮಾತ್ರ ಕಾಣಿಸಿಕೊಳ್ತವೆ. ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆ ಆಗೋ ನಮ್ಮ ಕಡೆ ಆ ಸಾಧ್ಯತೆ ಜಾಸ್ತಿ.

ಪುಟ್ಟನ ತಂದೆ ತಾಯಿ ಸಂಬಂಧಿಕರಲ್ಲ. ಮನೆಯಲ್ಲಿ ಯಾರಿಗೂ ಈ ಕಾಯಿಲೆ ಇರಲಿಲ್ಲ. ಹಾಗಾದ್ರೆ ಎಲ್ಲಿಂದ ಬಂತು? ಚಕ್ರವರ್ತಿಯವರ ತಂಡವೇ 2005ರಲ್ಲಿ ಇದಕ್ಕೊಂದು ದಾರಿ ತೋರಿಸಿತು. ರೆಟ್ ಜೀನ್ ಸರಿಯಾಗೇ ಇರುತ್ತೆ, ಅದನ್ನ ಆನ್ ಮಾಡೋ ಸ್ವಿಚ್‌ನಲ್ಲಿ ಒಂದೇ ಒಂದು ಅಕ್ಷರ ಬದಲಾಗಿರುತ್ತೆ. ಸಾಕ್ಸ್10 ಬಂದು ಕೂರೋ ಜಾಗ ಅದು. ಒಂದಕ್ಷರ ಬದಲಾದ್ರೆ ಸಾಕ್ಸ್10 ಗಟ್ಟಿಯಾಗಿ ಕೂರಲ್ಲ, ರೆಟ್ ಸ್ವಲ್ಪ ಕಡಿಮೆ ತಯಾರಾಗುತ್ತೆ. ತಮಾಷೆ ಅಂದ್ರೆ ಈ ಬದಲಾವಣೆ ಅಪರೂಪದ್ದಲ್ಲ. ಏಷ್ಯಾದವರಲ್ಲಿ ಅಂತೂ ಬಹಳ ಸಾಮಾನ್ಯ. ಸಂಜೆ ಜಯನಗರ ಕಾಂಪ್ಲೆಕ್ಸ್ ಹತ್ತಿರ ಓಡಾಡೋರಲ್ಲಿ ಎಷ್ಟೋ ಜನರ ಮೈಯಲ್ಲಿ ಅದು ಇರುತ್ತೆ, ಅವರಿಗೆ ಏನೂ ಆಗಿಲ್ಲ. ಅದೊಂದೇ ಸಾಲಲ್ಲ. ಇಂಥ ಸಣ್ಣ ಸಣ್ಣ ಕೊರತೆಗಳು ಒಂದೇ ಮಗುವಿನಲ್ಲಿ ಸೇರಿ ರೆಟ್ ಒಂದು ಮಟ್ಟಕ್ಕಿಂತ ಇಳಿದಾಗ ಕಾಯಿಲೆ. ಸುಮಾರು 5,000 ಹೆರಿಗೆಗೆ ಒಂದು ಮಗುವಿಗೆ ಹೀಗಾಗುತ್ತೆ, ಗಂಡುಮಕ್ಕಳಲ್ಲಿ ಹೆಣ್ಣುಮಕ್ಕಳಿಗಿಂತ ನಾಲ್ಕು ಪಟ್ಟು.

ಈಗ ಅಕ್ಕನ ಪ್ರಶ್ನೆಗೆ ಬರ್ತೀನಿ. ಅವಳ ಜೊತೆ ಅಡುಗೆಮನೆಯಲ್ಲಿ ಕೂತು, ಕ್ಯಾಲೆಂಡರ್ ಹಿಂದೆ ಪೆನ್ನಲ್ಲಿ ಲೆಕ್ಕ ಹಾಕಿದೆ. ಪುಟ್ಟ ಹುಟ್ಟಿದ್ದು ಫೆಬ್ರವರಿ ಎರಡನೇ ವಾರ, ದಿನ ತುಂಬಿ. ಅಂದ್ರೆ ಗರ್ಭ ನಿಂತಿದ್ದು 2019ರ ಮೇ ಮೂರನೇ ನಾಲ್ಕನೇ ವಾರದ ಹೊತ್ತಿಗೆ. ಅಲ್ಲಿಂದ ಏಳು ವಾರ: ಜುಲೈ ಮಧ್ಯ. ಅಷ್ಟರಲ್ಲಿ ಕೋಶಗಳ ಪ್ರಯಾಣ ಮುಗಿದಿತ್ತು. ಎಲ್ಲಿ ನಿಲ್ಲಬೇಕೋ ಅಲ್ಲಿ ನಿಂತಾಗಿತ್ತು. ಗ್ರಹಣ ಆಗಿದ್ದು ಡಿಸೆಂಬರ್ 26, ಅಂದ್ರೆ ಐದು ತಿಂಗಳಿಗೂ ಹೆಚ್ಚು ಕಾಲ ಆದ ಮೇಲೆ. ಅವಳು ಬೀನ್ಸ್ ಹೆಚ್ಚಲಿ, ಬಿಡಲಿ, ಕಿಟಕಿಗೆ ಪರದೆ ಹಾಕಲಿ, ಬಿಡಲಿ, ರೈಲು ಯಾವತ್ತೋ ನಿಂತುಬಿಟ್ಟಿತ್ತು.

ಅಕ್ಕ ಆ ಕ್ಯಾಲೆಂಡರ್ ಹಾಳೆ ತಗೊಂಡು ತುಂಬಾ ಹೊತ್ತು ನೋಡಿದಳು. ಏನೂ ಹೇಳಲಿಲ್ಲ. ಅಜ್ಜಿ ಮಾತ್ರ ಪಕ್ಕದಿಂದ, "ಜುಲೈನಲ್ಲೂ ಒಂದು ಚಂದ್ರಗ್ರಹಣ ಇತ್ತಲ್ಲೋ" ಅಂದ್ರು! ನಿಜ, 2019ರ ಜುಲೈ 16ರ ರಾತ್ರಿ, 17ರ ಬೆಳಗಿನ ಜಾವ ಇತ್ತು. ಅಜ್ಜಿ ಪಂಚಾಂಗ ಮರೆಯೋರಲ್ಲ. ಆದರೆ ಅವತ್ತು ಅಕ್ಕ ಗಡದ್ದಾಗಿ ನಿದ್ದೆ ಮಾಡ್ತಿದ್ದಳು, ಚಾಕು ಗೀಕು ಏನೂ ಮುಟ್ಟಿರಲಿಲ್ಲ. ಅಜ್ಜಿ ಸುಮ್ಮನಾದ್ರು. ಅದು ಒಪ್ಪಿಗೆಯೋ ಸುಸ್ತೋ ನನಗೆ ಗೊತ್ತಾಗಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ತಾಯಿಯ ಮೈ ಸೇರೋದು ಯಾವುದೂ ಲೆಕ್ಕಕ್ಕಿಲ್ಲ ಅಂತ ನಾನು ಹೇಳ್ತಿಲ್ಲ. ನಿಮ್ಮಲ್ಲಿ ಎಷ್ಟೋ ಜನ ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ತಗೊಂಡಿರ್ತೀರಿ, ಫ್ರೆಂಡ್‌ಗೆ ಒಂದು ಸ್ಟ್ರಿಪ್ ಕೊಟ್ಟಿರ್ತೀರಿ. ಅದು ಎ ವಿಟಮಿನ್‌ನ ಸಂಬಂಧಿ. ಭ್ರೂಣದಲ್ಲಿ ರೆಟಿನಾಯಿಕ್ ಆಮ್ಲ ಅನ್ನೋ ಇದರ ನೆಂಟನೇ ಹಾಕ್ಸ್ ಜೀನ್‌ಗಳಿಗೆ "ನೀನು ದೇಹದ ಯಾವ ಮಟ್ಟದಲ್ಲಿದ್ದೀಯ" ಅಂತ ಹೇಳೋದು. ಮಾತ್ರೆಯಿಂದ ಅದು ಜಾಸ್ತಿ ಆದ್ರೆ ತಲೆಭಾಗದ ಕ್ರೆಸ್ಟ್ ಕೋಶಗಳಿಗೆ ದಾರಿ ತಪ್ಪುತ್ತೆ. ಗರ್ಭದ ಶುರುವಿನಲ್ಲಿ ಇದನ್ನ ತಗೊಂಡವರ ಮಕ್ಕಳಲ್ಲಿ ಕಿವಿ, ಮುಖ, ಹೃದಯ, ಥೈಮಸ್ ಗ್ರಂಥಿಯ ದೋಷಗಳು ಒಟ್ಟಿಗೆ ಕಾಣಿಸಿಕೊಂಡಿದ್ದನ್ನ 1985ರಲ್ಲೇ ಅಮೆರಿಕದಲ್ಲಿ ದಾಖಲಿಸಿದ್ರು. ಮಾತ್ರೆ ನಿಲ್ಲಿಸಿ ಕನಿಷ್ಠ ಒಂದು ತಿಂಗಳಾದರೂ ಆಗೋವರೆಗೆ ಗರ್ಭ ನಿಲ್ಲದ ಹಾಗೆ ನೋಡಿಕೊಳ್ಳಬೇಕು. ಮದ್ಯ ಕೂಡ ಈ ಕೋಶಗಳನ್ನ ಕೊಲ್ಲುತ್ತೆ. ಚಾಕು, ಗ್ರಹಣದ ಬಗ್ಗೆ ಹತ್ತು ಜನ ಎಚ್ಚರಿಸ್ತಾರೆ. ಬ್ಯಾಗಿನಲ್ಲಿರೋ ಈ ಮಾತ್ರೆ ಬಗ್ಗೆ ಮನೆಯಲ್ಲಿ ಯಾರೂ ಕೇಳಲ್ಲ. ನನಗೆ ಸಿಟ್ಟು ಬರೋದು ಅದಕ್ಕೆ.

ಅಕ್ಕ ಈಗ ಯಾಕೆ ಕೇಳಿದಳು ಅಂದೆನಲ್ಲ. ಅವಳಿಗೆ ಈಗ ಮೂರು ತಿಂಗಳು. ಡಾಕ್ಟರ್ ಲೆಕ್ಕದಲ್ಲಿ 13 ವಾರ. ಡಾಕ್ಟರ್‌ಗಳು ಕೊನೆಯ ಮುಟ್ಟಿನಿಂದ ಎಣಿಸ್ತಾರೆ, ಹಾಗಾಗಿ ಭ್ರೂಣದ ವಯಸ್ಸು 11 ವಾರ. ಈ ಮಗುವಿನ ರೈಲೂ ಈಗಾಗಲೇ ಹೊರಟು ತಲುಪಿಯಾಗಿದೆ, ಎಲ್ಲಿಗೆ ಅನ್ನೋದು ಸ್ಕ್ಯಾನ್‌ನಲ್ಲಿ ಸಾಮಾನ್ಯವಾಗಿ ಕಾಣಲ್ಲ. ಮೊದಲ ಮಗುವಿಗೆ ಈ ಕಾಯಿಲೆ ಇದ್ದಾಗ ತಮ್ಮನಿಗೋ ತಂಗಿಗೋ ಬರೋ ಸಾಧ್ಯತೆ ಒಟ್ಟಾರೆ ನೂರಕ್ಕೆ ನಾಲ್ಕರ ಆಸುಪಾಸು. ನರ ಇಲ್ಲದ ಭಾಗ ಉದ್ದ ಇದ್ದಷ್ಟೂ ಅದು ಹೆಚ್ಚು. ಪುಟ್ಟನದು ಚಿಕ್ಕ ಭಾಗ. ಭಾವ, ಅಕ್ಕ ಇಬ್ಬರೂ ಮುಂದಿನ ವಾರ ಜೆನೆಟಿಕ್ ಕೌನ್ಸೆಲಿಂಗ್‌ಗೆ ಹೋಗ್ತಿದ್ದಾರೆ, ಪುಟ್ಟನ ರಕ್ತ ಪರೀಕ್ಷೆ ಬೇಕಾ ಅಂತ ಅಲ್ಲೇ ನಿರ್ಧಾರ.

ಹೆರಿಗೆ ಆದ ಮೇಲೆ ಏನು ನೋಡಬೇಕು ಅನ್ನೋದನ್ನ ಅದೇ ಕ್ಯಾಲೆಂಡರ್ ಹಾಳೆಯಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೀವಿ. ದಿನ ತುಂಬಿ ಹುಟ್ಟಿದ ಆರೋಗ್ಯವಂತ ಮಕ್ಕಳಲ್ಲಿ ಹೆಚ್ಚಿನವರು 24 ಗಂಟೆಯೊಳಗೆ, ಬಹುತೇಕ ಎಲ್ಲರೂ 48 ಗಂಟೆಯೊಳಗೆ ಮೊದಲ ಕಪ್ಪು ಕಕ್ಕ ಮಾಡ್ತಾರೆ. ಮಾಡಿಲ್ಲ ಅಂದ್ರೆ, ಹೊಟ್ಟೆ ಉಬ್ಬಿದ್ರೆ, ವಾಂತಿ ಹಸಿರು ಇದ್ರೆ ತಕ್ಷಣ ಮಕ್ಕಳ ಡಾಕ್ಟರ್. ಬಜೆ ಬೇಡ. ಕೊನೆಯ ಎರಡು ಪದ ಬರೆದಿದ್ದು ಅಜ್ಜಿ, ಅವರ ಕೈಬರಹದಲ್ಲೇ.

ಪುಟ್ಟನಿಗೂ ಉತ್ತರ ಹೇಳಿದೆ. ಬಣ್ಣ ಬಳಿಯೋರು ಬೆನ್ನಿನಿಂದ ಶುರು ಮಾಡಿದ್ರು, ಪಾದಕ್ಕೆ ಬರೋ ಹೊತ್ತಿಗೆ ಜನ ಸಾಲಲಿಲ್ಲ ಅಂತ. ಅವನು ಸ್ವಲ್ಪ ಯೋಚನೆ ಮಾಡಿ ಶರ್ಟ್ ಎತ್ತಿ ಹೊಟ್ಟೆ ಮೇಲಿನ ಗೆರೆ ತೋರಿಸಿದ. "ನಂಗೂ ಜನ ಸಾಲಲಿಲ್ವಾ?" ಹೌದು ಅಂದೆ. "ಸರಿ" ಅಂದು ಕರಿಯನ ಹಿಂದೆ ಓಡಿದ.